ಎರಡನೆ ಸರ್ವ್

ಮೊದಲನೆ ದಿನದ ಹುಲ್ಲು ನಾ ನಂಬೂದಿಲ್ಲ.
ಅದು ಹೊಸಾ ಟವೆಲ್ ಇದ್ದಂಗ:
ನುಣ್ಣಗ, ತುಂಬಿಕೊಂಡು, ಎಲ್ಲಾ ಬರೊಬ್ಬರಿ,
ಆದರ ಬೆವರು ಹೀರೂದಿಲ್ಲ.
ಟವೆಲ್ಲಿಗೆ ಹತ್ತು ಸಲದ ಒಗೆತ ಬೇಕು,
ಹುಲ್ಲಿಗೆ ಹತ್ತು ದಿನದ ತುಳಿತ.
ಸೋಲಾಪುರದ ಅಕ್ಕಲಕೋಟ ರಸ್ತಾದಾಗ
ಇಪ್ಪತ್ತಾರು ವರ್ಷ ಟವೆಲ್ ಚೆಕಿಂಗ್ ಮಾಡಿದ ಕೈ ಇದು,
ಎಳಿ ಒಂದು ತಪ್ಪಿದರೂ ಬೆರಳಿಗೆ ಮೊದಲು ತಿಳೀತೈತಿ,
ಕಣ್ಣಿಗೆ ಆಮ್ಯಾಲ.

ಆ ಎರಡು ವಾರ ಬಂದವಂದರ
ಕೊಂಡಾಬಾಯಿ ಜೋಡಿ ಪಾಳಿ ಬದಲಿ ಮಾಡ್ಕೋತೀನಿ.
ಮುಂಜಾನಿದು ನನಗ, ಸಂಜಿದು ಅಕಿಗೆ.
ದೀಪಾವಳಿಗೆ ಬಡ್ಡಿ ಸಮೇತ ವಸೂಲ್ ಮಾಡ್ತಾಳ, ಮಾಡಲಿ.
ಮೂರೂವರಿಗೆ ಶೇಂಗಾ ಚಟ್ನಿ ಡಬ್ಬಿಗೆ ಮೊಬೈಲ್ ಆನಿಸಿ
ಕಟಕ ರೊಟ್ಟಿ ಹಿಡಕೊಂಡು ಕೂತೆ ಅಂದರ
ಮನಿಯಾಗ ಒಂದೇ ಕಾನೂನು:
ಎರಡನೆ ಸರ್ವ್ ಹೊತ್ತಿನ್ಯಾಗ ರೊಟ್ಟಿ ಮುರೀಬಾರದು.

ಯಾಕ ಈ ಹುಚ್ಚು ಅಂತಾಳ ಸೊಸಿ.
ನಮ್ಮಪ್ಪ ಮಿಲ್ಲಿನ ಸಾಹೇಬರ ಆಟದ ಅಂಗಳಕ್ಕ
ಸುಣ್ಣದ ಗೆರಿ ಎಳೀತಿದ್ದ.
ಅಲ್ಲಿ ಹುಲ್ಲು ಎಲ್ಲೀದು, ಲಾರಿಯಾಗ ತಂದ ಕೆಂಪು ಮಣ್ಣು.
ನಮ್ಮೂರಾಗ ಅಷ್ಟು ಹುಲ್ಲು ಇದ್ದರ ಎಮ್ಮಿ ಬಿಡ್ತಿತ್ತೇನು?
ಹದಿನೈದು, ಮೂವತ್ತು, ಆಮ್ಯಾಲ ನಲವತ್ತು,
ಉಳಿದ ಐದು ಎಲ್ಲಿ ಹೋತಪಾ ಅಂತ ಕೇಳಿದರ
"ಮುಕಾದಮ ತಿಂದಿರಬೇಕು" ಅಂತಿದ್ದ.
ಸೊನ್ನಿಗೆ ಲವ್ ಅಂತಾರ ಅನ್ನೂದು ತಿಳಿದ ದಿನ
ಅವ್ವನ ಕಡೆ ನೋಡಿ ನಕ್ಕಿದ್ದ.
ಅವ್ವ ನಕ್ಕಿರಲಿಲ್ಲ.

ಈ ಸಲ ಒಬ್ಬಾಕಿ ಬಂದಾಳ, ಎಡಚಿ.
ಇನ್ನೂರ ಹನ್ನೆರಡನೆ ನಂಬರಿನ ಹುಡುಗಿ.
ಅಕಿ ಹೆಸರು ನನ್ನ ನಾಲಿಗಿ ಮ್ಯಾಲ
ನೂಲು ಗಂಟು ಬಿದ್ದಂಗ ಬೀಳ್ತೈತಿ,
ಅದಕ್ಕ ಎಡಚಿ ಅಂತೀನಿ,
ಕೇಳಿಸಿದಂಗ ಒಮ್ಮೊಮ್ಮೆ ತಿರುಗ್ತಾಳ.
ದೊಡ್ಡ ಪಾಯಿಂಟಿಗೆ ಮೊದಲು
ಮುಖಾ ಟವೆಲ್ಲಿನ್ಯಾಗ ಹುಗೀತಾಳ, ಭಾಳ ಹೊತ್ತು.
ಜಗತ್ತೆಲ್ಲ ಅಕಿ ರಟ್ಟಿ ನೋಡ್ತೈತಿ,
ನಾ ಟವೆಲ್ಲಿನ ಅಂಚು ನೋಡ್ತೀನಿ:
ಚಲೋ ಹೊಲಿಗಿ.
ಅತ್ತರೂ ತಡೀತೈತಿ.

ಮೂರು ಸುತ್ತು ಗೆದ್ದಳು.
ನಾಲ್ಕನೇದರಾಗ ಇಬ್ಬರಿಗೂ ಒಂದೊಂದು ಸೆಟ್ ಆಗಿತ್ತು,
ಕತ್ತಲಾತು, ಉಳಿದದ್ದು ನಾಳೆ ಅಂದರು.
ಆ ನಾಳೆಗೇ ಕೊಂಡಾಬಾಯಿ
ಪಾಲಕಿ ಬಂತಂತ ಪಂಢರಪುರದ ಬಸ್ ಹತ್ತಿದಳು.
ವಿಠ್ಠಲನ ಮುಂದ ನನ್ನ ಎಡಚಿ ಎಷ್ಟರಾಕಿ?
ಸಂಜೀ ಪಾಳಿ ನನ್ನ ಕೊರಳಿಗೆ ಬಿತ್ತು.

ಮಗ್ಗದ ಖಟ್ ಖಟ್ ಒಳಗ ಚೆಂಡಿನ ಸದ್ದು ಹುಡುಕಿದೆ,
ಸಿಗಲಿಲ್ಲ.
ಕೈ ತಾನ ಓಡ್ತಿತ್ತು, ನಾ ಕೈಯಾಗ ಇರಲಿಲ್ಲ.
ನೂರೋ ನೂರಾಹತ್ತೋ ಟವೆಲ್ ಆದ ಮ್ಯಾಲ
ನಡುವ ಬೆರಳುದ್ದ ಬೋಳು ಪಟ್ಟಿ ಇದ್ದದ್ದೊಂದು
ಪಾಸ್ ಮಾಡಿ ಕಟ್ಟಿಗೆ ಸೇರಿಸಿದೆ,
ಮತ್ತ ಎಳದು ತಗೀಲಿಲ್ಲ.

ಏಳಕ್ಕ ಚಾ.
ವಾಚ್‌ಮನ್ ಶಿರಸಟ ಮೊಬೈಲ್ ಕಣ್ಣಿನ ಹಂತೇಲಿ ಹಿಡದು
ಸಾವಕಾಶ ಓದಿ ಅಂದ:
ಹಾರ್ಲಿ.
ಮರಾಠಿ ಮಾತು. ಸೋತಳು ಅಂತ.
ಹುಟ್ಟಿದಾಗಿಂದ ಮರಾಠಿಯಾಗ ಕಾಯಿಪಲ್ಯಾ ಚೌಕಾಶಿ ಮಾಡಿದಾಕಿ ನಾ,
ತಿಳೀಲಿಲ್ಲ ಅಂತೇನಲ್ಲ.
ಆದರ ಆ ಒಂದು ಗಳಿಗಿ
ಕಿವಿ ಅದನ್ನ ಅವ್ವನ ಮಾತಿನ್ಯಾಗ ಕೇಳಿಸಿಕೊಂತು,
ಹೂಂ ಅಂದೆ.
ಹಾರಲಿ.

ಹನ್ನೆರಡಕ್ಕ ಮನಿಗೆ ಬಂದು
ಸೋತ ಆಟಾನ ಮೊದಲಿಂದ ನೋಡಿದೆ.
ಗೆರಿ ಹಂತೇಲಿ ಹುಲ್ಲು ಹೋಗಿ ಮಣ್ಣು ಬಿದ್ದೈತಿ,
ಕಾದು ನಿಂತ ಜಾಗಾನೇ ಅಷ್ಟು ಸವದೈತಿ.
ನೆಟ್ಟಿನ ಹತ್ತರ ಮಾತ್ರ ಇನ್ನೂ ಹಸರು,
ಅಲ್ಲೀ ತನಕ ಈಗ ಯಾರೂ ಓಡೂದಿಲ್ಲ.
ಅಪ್ಪ ಇದ್ದರ ಸುಣ್ಣದ ಬಕೆಟ್ ಹುಡುಕ್ತಿದ್ದ.

ಕಡೀ ಪಾಯಿಂಟು. ಮೊದಲನೇದು ನೆಟ್ಟಿಗೆ ಬಡೀತು.
ಎರಡನೇದೂ ಹೊರಗ ಬೀಳ್ತೈತಿ ಅಂತ ಗೊತ್ತೈತಿ.
ಎಡಚಿ ಚೆಂಡು ಪುಟಿಸ್ತಾಳ, ನಾಲ್ಕು ಸಲ, ಐದು ಸಲ.
ಹಸಿವಿ ಆಗೇತಿ.
ರೊಟ್ಟಿ ಕೈಯಾಗ ಐತಿ.
ಮುರೀಲಿಲ್ಲ.