ಉಪ್ಪು ಹಿಡಿದ ಬೀಗ

ಅಮ್ಮನಿಗೆ ಹೇಳಿದ್ದು ಹನ್ನೆರಡು ಸಾವಿರ.
ತಮ್ಮ ಫೋನಿನಲ್ಲಿ ಹುಡುಕಿ ನೋಡುವವನು,
ಅವನಿಗೆ ಮೂವತ್ತು.
ನಿಜವಾದ ಬೆಲೆ ಗೊತ್ತಿದ್ದದ್ದು
ನನಗೆ, ಹುಬ್ಬಳ್ಳಿಯ ಅಂಗಡಿಯವನಿಗೆ
ಮತ್ತು ಸೊಸೈಟಿಯ ಸಾಲದ ಪುಸ್ತಕಕ್ಕೆ.

ಎರಡು ಬೆರಳಲ್ಲಿ ಎತ್ತಬಹುದು ಅದನ್ನು.
ಅದೇ ಅದರ ಹೆಚ್ಚುಗಾರಿಕೆ, ಅದೇ ನನ್ನ ಹೆದರಿಕೆ:
ನಾನು ಎತ್ತಬಲ್ಲದ್ದನ್ನು ಯಾರು ಬೇಕಾದರೂ ಎತ್ತಬಲ್ಲರು.
ಹಾಗಾಗಿ ಒಂದು ಬೀಗ.
ಎರಡು ಕಿಲೋ ಉಕ್ಕು, ಕುದುರೆ ಲಾಳದ ಆಕಾರ.
ಹಗುರಕ್ಕೆಂದು ಕೊಟ್ಟ ದುಡ್ಡನ್ನೆಲ್ಲ
ಬೆನ್ನಚೀಲದಲ್ಲಿ ಭಾರವಾಗಿ ಹೊತ್ತು ತಿರುಗಿದೆ.

ಕಾರವಾರ ಬೇರೆಯೇ ಊರಾಯಿತು.
ಮೊದಲು ಕಡಲು ಕಾಣುತ್ತಿತ್ತು, ಈಗ ಕಂಬಗಳು.
ಕೋಡಿಬಾಗದಲ್ಲಿ ಯಾವ ಬೇಲಿ ಗಟ್ಟಿ,
ಬೈತಖೋಲಿನಲ್ಲಿ ಯಾವ ಗೇಟಿನ ಸರಳು ಅಲುಗುತ್ತದೆ,
ಚಹಾ ಕುಡಿಯುತ್ತ ಕಣ್ಣಿಡಬಹುದಾದ ಕಂಬ
ಯಾವ ಹೋಟೆಲಿನೆದುರು.
ಸೇತುವೆ ದಾಟಿ ಸದಾಶಿವಗಡಕ್ಕೆ ಹೋದವಳು
ಗುಡ್ಡ ಹತ್ತದೆ ಬುಡದಲ್ಲೇ ನಿಂತೆ.
ಮೇಲಿನಿಂದ ಕಾಳಿ ಕಡಲು ಸೇರುವುದು
ಚೆಂದ ಕಾಣುತ್ತದಂತೆ.
ನೀರಿಗೂ ಇಳಿದೆ ಒಮ್ಮೆ, ಮೊಣಕಾಲವರೆಗೆ,
ಬೆನ್ನು ತೆರೆಗೆ, ಮುಖ ಸೈಕಲ್ಲಿಗೆ.

ಹಿಂದಿನ ಚಕ್ರ, ಚೌಕಟ್ಟು, ಕಂಬ,
ಮೂರನ್ನೂ ಒಂದೇ ಬಳೆಗೆ ಸೇರಿಸು.
ಸೀಟು ಬಿಚ್ಚಿ ಕೈಯಲ್ಲಿ ಹಿಡಿದುಕೋ.
ಸೀಟು ಹಿಡಿದು ಲ್ಯಾಬಿಗೆ ಬಂದವಳನ್ನು
ವಾರ್ಡ್ ಬಾಯ್ ಸುಹಾಸ ಕೇಳಿದ:
"ಮೇಡಂ, ಇದನ್ನೂ ಟೆಸ್ಟ್ ಮಾಡ್ಬೇಕಾ?"

ಕಳ್ಳ ಬರಲಿಲ್ಲ.
ಬಂದದ್ದು ಗಾಳಿ, ಗಾಳಿಯೊಳಗೆ ಉಪ್ಪು.
ಸೆಪ್ಟೆಂಬರಿನ ಒಂದು ಭಾನುವಾರ
ಮೀನು ಮಾರ್ಕೆಟ್ಟಿನ ಹೊರಗೆ
ಕೀಲಿಕೈ ಒಳಹೋಯಿತು, ತಿರುಗಲಿಲ್ಲ.
ಕೊಬ್ಬರಿ ಎಣ್ಣೆ ಬಿಟ್ಟೆ. ಊದಿದೆ. ಬೈದೆ.
ಅರ್ಧ ಕೀಲಿ ಒಳಗೇ ಉಳಿಯಿತು.
ಎರಡು ರಾತ್ರಿ ಅದು ಅಲ್ಲಿ, ನಾನು ಇಲ್ಲಿ,
ಮಳೆ ಬೇರೆ.
ಇಷ್ಟು ಭದ್ರವಾಗಿ ಅದು ಯಾವತ್ತೂ ಇರಲಿಲ್ಲ,
ನನಗೂ ಸಿಗದಷ್ಟು.

ಮೂರನೆಯ ದಿನ ಆಟೋದಲ್ಲಿ ಬಂದೆ,
ಜೊತೆಗೆ ವೆಲ್ಡರ್ ಇನಾಸ, ಅವನ ಗ್ರೈಂಡರು.
ಸೈಕಲ್ಲಿನ ಮೇಲೆ ಯಾರದೋ ತಾಡಪತ್ರಿ, ಮೀನಿನ ವಾಸನೆ.
ಎಳೆದು ಬದಿಗಿಟ್ಟೆ.
ಐಸಿನ ಅಂಗಡಿಯಿಂದ ಕರೆಂಟು ತಂದು
ಇನಾಸ ಕೂತ. ಕಿಡಿ ಹಾರಿತು.
ಹಾಡುಹಗಲು, ಬೆಲೆಬಾಳುವ ಸೈಕಲ್ಲು,
ಬೀಗ ಕತ್ತರಿಸುವ ಯಂತ್ರದ ಕಿರುಚು.
ಜನ ಚೀಲ ಹಿಡಿದು ನೋಡಿದರು,
ಬಂಗಡೆ ಹೇಗೆಂದು ಕೇಳಿದರು,
ಯಾರದ್ದು ಇದು ಅಂತ ಒಬ್ಬರೂ ಕೇಳಲಿಲ್ಲ.
ಒಬ್ಬ ಪುಣ್ಯಾತ್ಮ, ಅಲುಗದಿರಲೆಂದು,
ಹ್ಯಾಂಡಲ್ಲು ಹಿಡಿದುಕೊಟ್ಟ.

ಆಗ ಒಳಗಿನಿಂದ ಕೂಗು:
"ಏ! ಕೋಣ್ ತೂಂ?"
ಇಸ್ವಣ ಕತ್ತರಿಸುತ್ತಿದ್ದ ಕೊಯ್ತಾ ಕೈಯಲ್ಲೇ.
ರುಕ್ಮಾ ಎಂದು ಆಮೇಲೆ ಗೊತ್ತಾಯಿತು ಹೆಸರು.
"ಅದು ಟೊಪ್ಪಿ ಹುಡುಗೀದು. ಕರೀ ಕನ್ನಡಕ.
ಮೀನು ತಗೊಳ್ದೇ ಬರೀ ಸೈಕಲ್ಲು ನೋಡ್ತಾ ನಿಲ್ತದಲ್ಲ, ಅವಳದ್ದು.
ನೀನ್ಯಾರು?"

ನಾನೇ ಅದು ಎಂದೆ. ನಂಬಲಿಲ್ಲ.
ಬಿಲ್ಲು ಮನೆಯಲ್ಲಿ, ಸೀರೆಯ ಮಡಿಕೆಯೊಳಗೆ,
ಹನ್ನೆರಡು ಸಾವಿರದ ಸುಳ್ಳಿನ ಅಡಿಯಲ್ಲಿ.
ದಿನಕ್ಕೆ ನೂರು ಸೀಸೆಗೆ ಹೆಸರು ಅಂಟಿಸುತ್ತೇನೆ;
ಚೀಟಿ ಇಲ್ಲದಿದ್ದರೆ ಯಾರ ರಕ್ತವೂ ಯಾರದ್ದೂ ಅಲ್ಲ.
ನನ್ನ ಮೇಲೆ ಚೀಟಿ ಇರಲಿಲ್ಲ.

ಚೀಲದಿಂದ ಹೆಲ್ಮೆಟ್ ತೆಗೆದು ಹಾಕಿದೆ. ಕನ್ನಡಕವನ್ನೂ.
ಸೀಟು ಕಂಕುಳಲ್ಲಿ ಇಟ್ಟುಕೊಂಡು,
ಫೋಟೋಕ್ಕೆ ನಿಂತ ಹಾಗೆ, ನಿಂತೆ.
ಅವಳು ಸುತ್ತು ಬಂದು ನೋಡಿದಳು.
ಕೊಯ್ತಾ ಕೆಳಗಿಳಿಯಿತು.
"ಹಾಂ. ಈಗ ಹೌದು.
ನನ್ನ ತಾಡಪತ್ರಿ ಎಲ್ಲಿ ಬಿಸಾಕಿದೆ?"

ಮಡಚಿ ಕೊಟ್ಟೆ. ಬೆಲೆ ಕೇಳಿದಳು.
ಯಾಕೋ ನಿಜ ಹೇಳಿಬಿಟ್ಟೆ, ಮೊದಲ ಬಾರಿ,
ಎಂಬತ್ತಾರು ಸಾವಿರ, ಸಾಲದ ಬಡ್ಡಿ ಬೇರೆ.
ಇನಾಸನ ಕೈಯಿಂದ ತುಂಡು ಬೀಗ ಜಾರಿತು.

ರುಕ್ಮಾ ಇಸ್ವಣದ ತಲೆ ಬೇರೆ ಮಾಡಿ,
ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು:
"ಅಷ್ಟಕ್ಕೆ ಒಂದು ಪಾತಿ ದೋಣಿ ಬರ್ತಿತ್ತು.
ಕಟ್ಟೋಕೆ ಹಗ್ಗ ಸಾಕಿತ್ತು."

ಆವತ್ತೇ ಮೊದಲು ಅವಳ ಹತ್ತಿರ ಮೀನು ಕೊಂಡದ್ದು.
ಬಂಗಡೆಗೆ ಮಾತ್ರ
ಒಂದು ರೂಪಾಯಿ ಬಿಡಲಿಲ್ಲ.