ಪದಸೂಚಿ

ಹೆಬ್ಬೆರಳ ತುದಿ ಹೋದದ್ದು ಒಂದು ಮಂಗಳವಾರ.
ನಾನೂರು ವರ್ಷ ಮಲಗಿದ್ದ ಉಕ್ಕಿನ ಅಡ್ಡಬಿಲ್ಲಿಗೆ
ಹೊಸ ಹೆದೆ ಬಿಗಿದು, ಹಿಡಿ ತಿರುಗಿಸಿ ತಿರುಗಿಸಿ ಎಳೆದು,
ಹೆದೆಯ ದಾರಿಯಲ್ಲೇ ಬೆರಳಿಟ್ಟು ಗುರಿ ನೋಡಿದರು ಸರ್ ಎವರಾರ್ಡ್.
ಬಾಣ ಲಾಯದ ಬಾಗಿಲಿಗೆ ನಾಟಿತು, ಬೆರಳು ಹುಲ್ಲಿಗೆ ಬಿತ್ತು.
"ಇನ್ನೂರ ಹತ್ತು ಗಜ, ಬರಕೊಳ್ಳಿ" ಅಂದರಂತೆ ಮೊದಲು.
ಆಮೇಲೆ, ವೈದ್ಯರನ್ನು ಕರೆಯಿರಿ.

ಹಾಗೆ ನನಗೆ ಕೆಲಸ ಸಿಕ್ಕಿತು.
ಬಲೆಕೊಳದ ಜೇಬೆಜ್ ಕೋಲನ ಮಗಳು, ದುಂಡಗೆ ಬರೆಯುವವಳು.
ದಿನಕ್ಕೆ ಒಂದು ಶಿಲಿಂಗು, ಮಧ್ಯಾಹ್ನ ಊಟ.
ಗೋಡೆ ತುಂಬ ಕೊಂಬು, ಕತ್ತಿ, ಕೋವಿ;
ಲಿಂಕನ್‌ಶೈರಿನ ಜೌಗಿನ ಗಾಳಿಗೆ
ಒರೆಸಿದಷ್ಟೂ ತುಕ್ಕು.
ಅವರು ನಡೆದಾಡುತ್ತ ಹೇಳುವರು, ನಾನು ಬರೆಯುವೆ,
ಮೇಜಿನಡಿ ಬೇಟೆನಾಯಿ ಕನಸಲ್ಲಿ ಓಡುವುದು.

ಹನ್ನೊಂದನೆಯ ಅಧ್ಯಾಯ ಕಾಡುಬಾತು.
ಅಪ್ಪ ಟೋಪಿ ಕೈಯಲ್ಲಿ ಹಿಡಿದು
ರತ್ನಗಂಬಳಿಯ ಅಂಚಿಗೇ ನಿಂತು ಹೇಳಿದ:
ಜೊಂಡಿನ ಮರೆಯಲ್ಲಿ ಹೋಗುವಾಗ
ಬಾಯೆದುರು ಉರಿವ ಜೌಗುಮಣ್ಣಿನ ಹೆಂಟೆ ಹಿಡೀಬೇಕು ದೊರೆ,
ಮನುಷ್ಯನ ಉಸಿರು ಬಾತಿಗೆ ತಿಳಿಯುತ್ತೆ.
ಕೆಂಪುನಾಯಿ ಮುಂದೆ ಸುಳಿದರೆ ಸಾಕು,
ನೋಡೋ ಚಪಲಕ್ಕೆ ಅವೇ ಬಲೆಯೊಳಗೆ ಬರ್ತವೆ.
ನಾನು ಬರೆದೆ, ಅವರು ಹೇಳಿಸಿದಂತೆ:
"ಸ್ಥಳೀಯನೊಬ್ಬನ ಪ್ರಕಾರ."
ನಾಯಿಗೆ ಮಾತ್ರ ಹೆಸರಿತ್ತು, ಟ್ಯಾನ್ಸಿ.

ಸೊಮ್ ನದಿಯ ಕಡೆಯಿಂದ ತಂತಿ ಬಂತು, ಕ್ರಿಸ್ಪಿನ್ ಸಾಹೇಬರ ಸುದ್ದಿ.
ಮರುದಿನ ಒಂಬತ್ತಕ್ಕೆ ಸರಿಯಾಗಿ ಬಂದು ಕೂತರು.
ಕ್ರೈಸ್ತರ ಮೇಲೆ ಅಡ್ಡಬಿಲ್ಲು ಎತ್ತಕೂಡದೆಂದು
ಹಿಂದೆ ಧರ್ಮಗುರುಗಳು ಸೇರಿ ಕಟ್ಟಳೆ ಮಾಡಿದ ಪುಟ
ಎರಡು ಸಲ ಓದಿಸಿದರು.
"ಯಾರೂ ಕೇಳಲಿಲ್ಲ, ಅಲ್ಲವೇ ಹೆಸ್ಟರ್?"
ನನ್ನ ಹೆಸರು ಅವರಿಗೆ ಗೊತ್ತಿದ್ದದ್ದು
ನನಗೆ ಗೊತ್ತಾದದ್ದು ಆಗ.
ಸ್ವಲ್ಪ ಹೊತ್ತಿಗೆ, ಆ ಸಾಲಲ್ಲಿ ಅಲ್ಪವಿರಾಮ ಬೇಡ ಎಂದರು.

ಪದಸೂಚಿ ನಿನಗೇ ಬಿಟ್ಟೆ, ಅದನ್ನು ಯಾರು ಓದುತ್ತಾರೆ.

ಚಳಿಗಾಲವಿಡೀ ಚೀಟಿ ಜೋಡಿಸಿದೆ.
ಉಸಿರು, ಮನುಷ್ಯನದು, ಮರೆಸುವ ಬಗೆ: ನೋಡಿ, ಕೋಲ್, ಜೇಬೆಜ್.
ಕೋಲ್, ಜೇಬೆಜ್: ನೋಡಿ, ಉಸಿರು.
ಪುಟಸಂಖ್ಯೆ ಹಾಕಲಿಲ್ಲ, ಹಾಕಲು ಪುಟವಿರಲಿಲ್ಲ.
ಅಚ್ಚಾಗಿ ಬಂತು, ಚಿನ್ನದಂಚು, ಮಗುವಿನಷ್ಟು ಭಾರ.

ಓದು ಬಾರದ ಅಪ್ಪನ ಬೆರಳು ಹಿಡಿದು
ಆ ಸಾಲಿನ ಮೇಲಿಟ್ಟೆ. ಹೊಗೆ ನಾರುವ ಬೆರಳು,
ಕಾಗದದ ಮೇಲೆ ಸಣ್ಣ ಮಸಿ ಬಿಟ್ಟಿತು.
ತುಂಬ ಹೊತ್ತು ನೋಡಿದ.
"ಟ್ಯಾನ್ಸಿ ಎಲ್ಲಿದ್ದಾಳೆ ಇದರಲ್ಲಿ?" ಅಂದ.