ಒಂದು ಗೇಣು ಈಚೆ

ವಾರದಲ್ಲಿ ಆರು ದಿನ ನಾನು ತಾಲ್ಲೂಕು ಸರ್ವೆಯರ್.
ಭಾನುವಾರ, ಕಡೂರು ಜೂನಿಯರ್ ಕಾಲೇಜು ಮೈದಾನದಲ್ಲಿ
ಪಟ್ಟೆಪಟ್ಟೆ ಅಂಗಿ ತೊಟ್ಟು ಗೆರೆ ಕಾಯುವವನು.
ಸರಪಳಿ ಎಳೆಯಲು ಬರುತ್ತದಲ್ಲ, ಸಾಕು ಬಾ,
ಅಂದಿದ್ದರು ಡ್ರಿಲ್ ಮೇಷ್ಟ್ರು ಗುರುಬಸಪ್ಪ.
ಅಮೆರಿಕದ ಫುಟ್‌ಬಾಲಿಗೂ ಸರಪಳಿಯದೇ ಅಳತೆ:
ಹತ್ತು ಗಜ. ನಮ್ಮ ಗುಂಟೆಯ ಅಂಚಿಗೆ
ಮೂರೇ ಅಡಿ ಕಮ್ಮಿ.

ಚೆಂಡು ಚೆಂಡಿನ ಹಾಗಿಲ್ಲ, ಸುಲಿಯದ ತೆಂಗಿನಕಾಯಿ.
ಬೀರೂರಿನವರು ಒದ್ದರು. ನೆಲಕ್ಕೆ ಬಿದ್ದದ್ದು
ತಿರುಗಿ, ಯೋಚಿಸಿ, ನಮ್ಮವರ ಗೆರೆಯತ್ತ ಕುಂಟಿತು.
ಗೆರೆ ಮುಟ್ಟಿದರೆ ಟಚ್‌ಬ್ಯಾಕ್: ಪುಕ್ಕಟೆ
ಇಪ್ಪತ್ತು ಗಜ ಮುಂದೆ ಬರುತ್ತದೆ ಚೆಂಡು.
ಮುಟ್ಟದೆ ನಿಂತರೆ ನಿಂತಲ್ಲಿಂದಲೇ ಆಟ,
ಬೆನ್ನಿಗೆ ಗೋಡೆ ತಾಗಿಸಿಕೊಂಡು.

ಬೀರೂರಿನ ಉಜ್ಜಿನಪ್ಪ ಓಡಿದ ಓಟಕ್ಕೆ ಚೆಂಡನ್ನೇ ದಾಟಿಬಿಟ್ಟ.
ಎರಡೂ ಕಾಲು ಗೆರೆಯಾಚೆ. ಹಿಂದಿರುಗಿ,
ಬಾವಿಗೆ ಬಗ್ಗಿದವನಂತೆ ಬಗ್ಗಿ, ಕೈ ಚಾಚಿ
ಈಚೆಯೇ ಹಿಡಿದ.
ಸೀಟಿ ನನ್ನದು. ಗುರುತಿಗೆ ಟೋಪಿ ಎಸೆದೆ.

"ಕಾಲು ಒಳಗೈತೆ ಸಾರ್, ಕಾಲು!" ಊರೇ ಕೂಗಿತು.
ನಮ್ಮ ಇದಾಯತ್ ಚೆಂಡೆತ್ತಿ ತಂದು ಮೂತಿ ತೋರಿಸಿದ:
ಸುಣ್ಣ.
ಹೌದು, ಸುಣ್ಣ. ಆದರೆ ಐದೈದು ಗಜಕ್ಕೊಂದು ಗೆರೆ
ಬೆಳಿಗ್ಗೆ ಎಳೆದವನೂ ನಾನೇ ಮಾರಾಯ,
ಎಲ್ಲಾ ಗೆರೆಗೂ ಒಂದೇ ಚೀಲದ ಸುಣ್ಣ.
ಕಾಲನ್ನು ಕೇಳಬೇಡ, ಚೆಂಡನ್ನು ಕೇಳು, ಅನ್ನುತ್ತದೆ ಪುಸ್ತಕ.
ಚೆಂಡು ಒಂದು ಗೇಣು ಈಚೆ.
ಅಲ್ಲೇ ಇಟ್ಟೆ. ಆ ಸಂಜೆ
ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಹಾಲು ಮುಗಿದಿತ್ತು, ನನಗೆ ಮಾತ್ರ.

ಚೆಂಡು ಗೆರೆ ದಾಟಿದ್ದರೆ ಪುಸ್ತಕ ಇನ್ನೊಂದು ಕೇಳುತ್ತಿತ್ತು:
ದೂಡಿದ್ದು ಯಾರ ಬಲ?
ಎದುರಾಳಿಯದಾದರೆ ಮಾಫಿ.
ನೀನೇ ಹೊತ್ತು ಹಿಂದೆ ಹೋಗಿ ಬಿದ್ದರೆ, ದಂಡ ಎರಡಂಕ.
ಈ ಪುಟದ ಮೂಲೆ ಮಡಿಚಿಟ್ಟಿದ್ದೇನೆ.

ಸೋಮವಾರ ಯಗಟಿ ಕಡೆ ಒಂದು ಹದ್ದುಬಸ್ತು.
ಬಾಂದುಕಲ್ಲು ನಕ್ಷೆಗಿಂತ ಎರಡು ಮಾರು ಆಚೆ.
"ಕಲ್ಲಿಗೇನು ಕಾಲು ಬಂದಿತ್ತಾ ಸ್ವಾಮಿ?" ಅಂದಳು ರುದ್ರಮ್ಮ.
ಅವಳ ದಾಯಾದಿ ಬೀಡಿ ಹಚ್ಚಿದ, ಗಾಳಿಗೆ ಬೆನ್ನು ಕೊಟ್ಟು.
ನನ್ನ ನಮೂನೆಯಲ್ಲಿ
ಕಲ್ಲು ಎಲ್ಲಿದೆ ಅನ್ನುವುದಕ್ಕೆ ಕಾಲಂ ಇದೆ,
ದೂಡಿದವರಿಗೆ ಇಲ್ಲ.

ಸರಪಳಿ ಬಿಚ್ಚಿದೆ.
ಸೀಟಿ ಇನ್ನೂ ಜೇಬಿನಲ್ಲೇ ಇತ್ತು.